ಒದ್ದೆಯಲ್ಲೇ ಬಿಡಿಸಬೇಕು

ಶಿಡ್ಲಘಟ್ಟದಲ್ಲಿ ಶಮೀಮಕ್ಕನ ಶೆಡ್ಡಿನ
ಮೂರನೇ ಬೇಸಿನ್ನು ನಮ್ಮಮ್ಮನದು.
ಇಪ್ಪತ್ತೆಂಟು ವರ್ಷ.
ಕುದಿನೀರಲ್ಲಿ ಗೂಡು ಕುಣಿಯುತ್ತವೆ,
ಮುನಿಲಕ್ಷ್ಮಮ್ಮ ಬೆರಳದ್ದಿ
ಕಣ್ಣಿಗೆ ಕಾಣದ ತುದಿ ಹುಡುಕಿ
ರಾಟೆಗೆ ಕೊಡುತ್ತಾಳೆ.
ಒಣಗಿದ್ದನ್ನು ಎಳೆದರೆ ಕಿತ್ತು ಬರುತ್ತೆ,
ನೆನೆದದ್ದು ತಾನಾಗಿ ಬಿಡುತ್ತೆ ಕಣ್ರೇ
ಎಂದು ಹೊಸ ಹುಡುಗಿಯರಿಗೆ
ಮೊದಲ ದಿನವೇ ಹೇಳುತ್ತಾಳೆ.

ಮನೆಗೆ ಬಂದು ಅದೇ ಕೈಯಲ್ಲಿ
ನನ್ನ ಗುಂಗುರು ತಲೆಯನ್ನು ಮಂಡಿಗಳ ನಡುವೆ ಅದುಮಿ
ಒಣಗಿದ ಕೂದಲಿಗೆ, ಬುಡದಿಂದಲೇ,
ಬಾಚಣಿಗೆ ಹಾಕುತ್ತಿದ್ದಳು.
ಹಲ್ಲು ಮುರಿದರೆ ಬೈಗುಳ ನನಗೆ.
'ಯಾರ್ದೇ ಇದು, ಸೀಮೆಜಾಲಿ ಪೊದೆ!
ನಿಮ್ಮಪ್ಪನ ಕಡೇದು.'
ಅಪ್ಪ ಬೋಳುತಲೆ ಸವರಿಕೊಂಡು
ತಪ್ಪೊಪ್ಪಿಕೊಳ್ಳುತ್ತಿದ್ದ.

ಕಿವಿ ಹಿಂದೆ ಇಳಿಯುವಷ್ಟು ಹರಳೆಣ್ಣೆ.
ಎರಡು ಜಡೆ, ಕೆಂಪು ರಿಬ್ಬನ್ನು.
ಹಣೆ ಬಿಗಿದು ಹುಬ್ಬು ಮೇಲೇರಿ
ಏಳನೇ ಕ್ಲಾಸಿನ ಫೋಟೋದಲ್ಲಿ
ಯಾರೋ ಬೆನ್ನ ಹಿಂದೆ ಪಟಾಕಿ ಹಚ್ಚಿದಂತಿದ್ದೇನೆ.
ಆದರೂ ಎರಡನೇ ಪೀರಿಯಡ್ಡಿನ ಹೊತ್ತಿಗೆ
ಕಿವಿ ಬಳಿ ಒಂದು ಸುರುಳಿ
ಮೆಲ್ಲಗೆ ಎದ್ದು
ಕಿಟಕಿಯಾಚೆ ನೋಡುತ್ತಿತ್ತು.

ಮದುವೆಯ ಹಿಂದಿನ ವಾರ
ಬಸ್‌ಸ್ಟ್ಯಾಂಡ್ ಎದುರಿನ ಪಾರ್ಲರಿನಲ್ಲಿ
ನಾಲ್ಕು ಸಾವಿರಕ್ಕೆ ನೇರ ಮಾಡಿಕೊಡುತ್ತೇನೆ ಎಂದರು.
ಬಿಸಿ ಇಕ್ಕಳ ಮುಚ್ಚಿತು, ಹೊಗೆಯಾಡಿತು,
ಆ ವಾಸನೆ ನನಗೆ ಗೊತ್ತಿತ್ತು.
ರೇಷ್ಮೆ ಅಸಲಿಯೋ ನಕಲಿಯೋ ತಿಳಿಯಲು
ಶಮೀಮಕ್ಕ ಒಂದೆಳೆ ಸುಡುತ್ತಾಳೆ,
ಕೂದಲು ಸುಟ್ಟ ವಾಸನೆ ಬಂದರೆ ಅಸಲಿ.
ಎದ್ದು ಬಂದೆ.
ಬಲಗಡೆ ಒಂದು ಹಿಡಿ ಮಾತ್ರ
ಆರು ತಿಂಗಳು ಗೆರೆ ಎಳೆದಂತೆ ನಿಂತಿತ್ತು.

ಆಮೇಲೆ ಎಲ್ಲವನ್ನೂ ನಾನೇ ಕಲಿತೆ,
ಬಹಳಷ್ಟು ತಪ್ಪಾಗಿ.
ಬೋರಿನ ನೀರಿಗೆ ನಲ್ಲಿಯ ಮೂತಿಯೇ ಬೆಳ್ಳಗಾಗುವ ಊರು,
ತಲೆ ಪೊರಕೆಯಾಗದೆ ಇರುತ್ತದೆಯೇ?
ಶೆಡ್ಡಿನ ತಗಡಿನಿಂದ ಇಳಿದ ಮಳೆನೀರು
ಅಲ್ಲಿ ಎಳೆಯ ಹೊಳಪಿಗೆಂದು ಡ್ರಮ್ಮಿನಲ್ಲಿ ನಿಂತಿರುತ್ತದೆ,
ಭಾನುವಾರ ಎರಡು ಬಿಂದಿಗೆ ಕದ್ದೆ.
ಅಗಸೆಬೀಜ ಕುದಿಸಿ, ಲೋಳೆ ಆರುವ ಮುಂಚೆ
ಬಟ್ಟೆಯಲ್ಲಿ ಸೋಸಬೇಕು,
ತಡವಾದರೆ ಪಾತ್ರೆಯೇ ಬಿಡುವುದಿಲ್ಲ.
ಟವೆಲ್ಲು ಬೇಡ, ಅಪ್ಪನ ಹಳೇ ಬನಿಯನ್ನು ಸಾಕು,
ಉಜ್ಜಬಾರದು, ಹಿಂಡಿ ಬಿಡಬೇಕು.
ರೇಷ್ಮೆ ದಿಂಬಿನ ಚೀಲ ತರಿಸಿದ ದಿನ
ಅಮ್ಮ ಅದನ್ನು ಬೆರಳಲ್ಲಿ ಹೊಸಕಿ ನೋಡಿ
'ಇಷ್ಟು ಹುಳದ ಮೇಲೆ ನಿದ್ದೆ ಬರುತ್ತಾ ನಿಂಗೆ?' ಎಂದಳು.
ಅವಳು ಒಮ್ಮೆಯೂ ಮಲಗಿ ನೋಡಿಲ್ಲ.

ಹೋದ ಆಷಾಢದಲ್ಲಿ ಹಬೆಯ ಪೈಪು ಬಿರಿದು
ಅವಳ ಎರಡೂ ಕೈಗೆ ಬ್ಯಾಂಡೇಜು.
ಹದಿಮೂರನೇ ದಿನ ತಲೆ ಕೆರೆತ ತಾಳಲಾರದೆ
ಬಚ್ಚಲ ಕಲ್ಲಿನ ಮೇಲೆ ಕೂತಳು.
ಆ ತುರುಬನ್ನು ನಾನೆಂದೂ ಬಿಚ್ಚಿರಲಿಲ್ಲ.
ಎಣ್ಣೆಯಲ್ಲಿ ಅದ್ದಿದ ಕಲ್ಲಿನಂತೆ
ಕುತ್ತಿಗೆಯ ಮೇಲೆ ಕೂತದ್ದು,
ಬೇಯಿಸಿದ ಹುಳದ ವಾಸನೆಯ ಗಂಟು.

ನೀರು ಹೊಯ್ದೆ. ಲೋಳೆ ಸವರಿ
ಬೆರಳಲ್ಲೇ ಒಂದೊಂದು ಸಿಕ್ಕು.
'ತುದಿ ಸಿಕ್ತಾ?' ಎಂದಳು ಕಣ್ಣು ಮುಚ್ಚಿಕೊಂಡೇ,
ಬೇಸಿನ್ನಿನ ಮುಂದೆ ಕೇಳುವ ದನಿಯಲ್ಲಿ.
ಸಿಕ್ಕಿತ್ತು.
ಹಿಂಡಿ ಬಿಟ್ಟೆ. ಬೆಳ್ಳಿಯ ಒಂದು ಸುರುಳಿ
ಪುಟಿದು ಮೇಲಕ್ಕೆ ಹೋಯಿತು,
ಅದರ ಹಿಂದೆ ಇನ್ನೊಂದು,
ಆಮೇಲೆ ಎಣಿಸುವುದನ್ನು ಬಿಟ್ಟೆ.

ಕನ್ನಡಿ ಹಿಡಿದೆ. ಬಹಳ ಹೊತ್ತು ನೋಡಿದಳು.
'ನಮ್ಮವ್ವ ಒಣಗಿಸೋಕೂ ಬಿಡ್ತಿರ್ಲಿಲ್ಲ,
ಬಿಸಿ ಎಣ್ಣೆ ಹಾಕಿ ಬಿಗಿದು ಕಟ್ಟಿಬಿಡೋಳು...'
ಬ್ಯಾಂಡೇಜಿನ ಕೈ ನನ್ನ ತಲೆಯವರೆಗೆ ಬಂದು
ಮುಟ್ಟಲಾಗದೆ ನಿಂತಿತು.

ಬಾಗಿಲಲ್ಲಿ ಅಪ್ಪ, ಕೈಯಲ್ಲಿ ಬನಿಯನ್ನು.
ಮೂವತ್ತು ವರ್ಷದ ಆಪಾದನೆ
ಅವನೆದುರೇ ಒಣಗುತ್ತಾ ಅರಳುತ್ತಿತ್ತು.
ಬೋಳುತಲೆ ಸವರಿಕೊಂಡ.
'ಇರ್ಲಿ ಬಿಡು,
ಅದೂ ನಮ್ ಕಡೇದೇ ಇರ್ಬೇಕು' ಎಂದ.