ಅಡ್ಡಪರಿಣಾಮ

ಗ್ರಿಮ್ಸ್‌ಬಿಯ ಔಷಧದಂಗಡಿ. ಬಾಗಿಲು ತೆರೆದಾಗೆಲ್ಲ ಮೀನುವಾಸನೆ.
ಕನ್ನಡಕ ಮರೆತು ಬಂದ ರೆಗ್ ಕಾಲ್‌ಬೆಕ್
ಚೀಟಿಯ ಇರುವೆಸಾಲಿನ ಮೇಲೆ ಬೆರಳಿಟ್ಟ:
ಇದೇನು ಬರೆದಿದೆ?

ಸೈಡ್ ಎಫೆಕ್ಟು, ಅಂದೆ.
ಒಳಗೊಳಗೇ: ಅಡ್ಡಪರಿಣಾಮ.
ಅಡ್ಡದಾರಿ, ಅಡ್ಡಮಾತು, ಅಡ್ಡ ಬಂದ ಬೆಕ್ಕು,
ನೆಟ್ಟಗೆ ಹೊರಟವರಿಗೆ ಎದುರಾಗುವುದೆಲ್ಲ.

ತಲೆಸುತ್ತು? ಇಲ್ಲ.
ಕೈಕಾಲು ತಣ್ಣಗೆ? ಅದು ಟ್ರಾಲರಿನ ಕಾಲದಿಂದಲೂ.
ಕನಸು?

ಸುಮ್ಮನಾದ.
ಸತ್ತು ಹನ್ನೊಂದು ವರ್ಷ, ಒಮ್ಮೆಯೂ ಬಾರದ ಡೋರೀನ್
ಈ ಗುಳಿಗೆ ಶುರುವಾದ ಮೇಲೆ ದಿನಾ ಬರುತ್ತಾಳಂತೆ,
ಬೂಟು ಹೊರಗೇ ಬಿಡು ಅಂತ ಬೈಯುತ್ತಾಳಂತೆ.

ಬೇರೆಯದು ಬರೆಸಬಹುದು, ಅಂದೆ.
ಪೊಟ್ಟಣವನ್ನು ಕೋಟಿನ ಒಳಜೇಬಿಗಿಳಿಸಿ
ಗುಂಡಿ ಹಾಕಿಕೊಂಡ.

ದೇವರಿಗೂ ಅಡ್ಡ ಬೀಳುತ್ತೇವೆ ನಮ್ಮ ಕಡೆ.
ಇಂಗ್ಲಿಷಿನಲ್ಲಿ ಅದು ಬರುವುದಿಲ್ಲ.