ಕಂದು ಉಂಗುರ

ಎಂಬತ್ತೊಂಬತ್ತು ಪರ್ಸೆಂಟ್ ಮಾಡ್ಯಾನ ದೇವೀಂದ್ರ.
ಕೆಮಿಸ್ಟ್ರಿಯಾಗ ನೂರಕ್ಕ ತೊಂಬತ್ತಾರು.
ಅದರಾಗ ಮೂವತ್ತು ನಾ ತೊಳೆದ ನಳಿಕಿಯೊಳಗಿಂದ ಬಂದಾವ ಅಂತ
ಸ್ಟಾಫ್ ರೂಮಿನಾಗ ಎಲ್ಲಾರಿಗೂ ನಗಿಸಿ ಪೇಢೆ ಹಂಚೀನಿ.

ಮರುದಿನ ಫಾರ್ಮ್ ತಂದ:
ಬಿ.ಎ., ಇತಿಹಾಸ, ಸಮಾಜಶಾಸ್ತ್ರ, ಐಚ್ಛಿಕ ಕನ್ನಡ.
"ಅಪ್ಪಾ, ಇಲ್ಲೊಂದು ಸಹಿ."

ನಮ್ಮಾಕಿ ತಮ್ಮ ಜೆಸ್ಕಾಂ ಲೈನ್‌ಮನ್, ಚಪ್ಪಲಿ ಬಿಡೂಕಿಂತ ಮೊದಲೇ ಶುರು ಹಚ್ಚಿದ:
"ಮುನ್ನೂರಾ ಎಪ್ಪತ್ತೊಂದು ಜೆ ಸರ್ಟಿಫಿಕೇಟ್ ಅದ,
ಸೀಟು ಬಾಗಿಲಿಗೆ ಬಂದು ನಿಂತದ, ಇಂವ ಬಿ.ಎ. ಅಂತಾನ.
ಬಿ.ಎ. ಅಂದ್ರ ಹೆಣ್ಣುಡುಗ್ಯಾರು ಲಗ್ನ ಆಗೂತನಕ ಓದೂದು."
ಒಳಗ ರೊಟ್ಟಿ ಬಡಿಯೂ ಸಪ್ಪಳ ನಿಂತಿತು.
ಆಕೀದು ಬಿ.ಎ. ಮೊದಲನೇ ವರ್ಷ. ಅಲ್ಲಿಗೇ ಲಗ್ನ.
ಸಪ್ಪಳ ಮತ್ತ ಶುರುವಾತು, ಜೋರಾಗಿ.

ನಾ ಏನೂ ಅನ್ಲಿಲ್ಲ.
ಮೂವತ್ತೊಂದು ವರ್ಷ ಆಸಿಡ್ ಹಿಡಿದ ಕೈಗೆ ಒಂದು ಗೊತ್ತದ:
ಉಪ್ಪಿನಾಗ ನೈಟ್ರೇಟ್ ಹುಡುಕಬೇಕಂದ್ರ
ನಳಿಕಿ ವಾರಿ ಹಿಡಿದು
ಒಳಗಿನ ಗೋಡಿಗುಂಟ, ಹನಿ ಹನಿ, ಆಸಿಡ್ ಇಳಿಸಬೇಕು.
ಎರಡು ನೀರು ಕೂಡೂ ಜಾಗದಾಗ
ಒಂದು ಕಂದು ಉಂಗುರ ಮೂಡ್ತದ.
ಅಲುಗಿಸಿದಿ, ಹೋತು.

ಸಹಿ ಮಾಡೀನಿ.
ಸಿಟ್ಟು ಇರಲಿಲ್ಲಂತಲ್ಲ. ಮೂರು ವಾರ
ಅವನ ಕೂಡ ಊಟಕ್ಕ ಕುಂತಿಲ್ಲ.
ಜಗತ್ ಸರ್ಕಲ್‌ನಾಗ ಯಾರರೆ ಸಿಕ್ಕು "ಮಗಾ ಏನ್ ತಗೊಂಡ?" ಅಂದ್ರ
"ಕೌನ್ಸೆಲಿಂಗ್ ಇನ್ನಾ ಮುಗದಿಲ್ರೀ" ಅಂದೀನಿ.
ಕೌನ್ಸೆಲಿಂಗ್ ದೀಪಾವಳಿತನಕ ನಡೀತು.

ಹಫ್ತ್ ಗುಂಬಜಕ್ಕ ಹೋಗಿ ಅಂಗಿಗೆ ಸುಣ್ಣ ಹಚ್ಚಿಕೊಂಡು ಬರ್ತಿದ್ದ.
ಯಾವ ಗೋರಿ ಯಾರದು, ಗಾರಿ ಹ್ಯಾಂಗ ಅರೀತಿದ್ರು,
ಕಲ್ಲು ಹೊತ್ತವರ ಹೆಸರು ಯಾಕ ಎಲ್ಲೂ ಇಲ್ಲ,
ಎಲ್ಲಾ ಅವ್ವನ ಮುಂದ ಹೇಳಾಂವ.
ಕೂಲರಿಗೆ ನೀರು ಹಾಕೂ ನೆವ ಮಾಡಿ
ನಾನೂ ಅಲ್ಲೇ ನಿಂತಿರ್ತಿದ್ದೆ. ಕೂಲರ್ ತುಂಬಿ ಹರೀತಿತ್ತು.

ಮಾರ್ಚಿನಾಗ ಒಂದಿನ, ಬಿಸಿಲು ನಲವತ್ತೊಂದು,
ಮೊಬೈಲ್ ರೆಕಾರ್ಡಿಗೆ ಹಚ್ಚಿ ನನ್ನೆದುರು ಕುಂತ.
"ಅಸೈನ್‌ಮೆಂಟ್ ಅಪ್ಪಾ. ದುಡಿಯೋರ ಮಾತು ಬರಕೋಬೇಕು.
ಹೆಸರು?"
"ಗೊತ್ತಿಲ್ಲೇನು ನಿನಗ?"
"ನೀನೇ ಹೇಳಬೇಕು."
"ಅಂಬಾರಾಯ. ತಂದೆ ಭೀಮಶಾ. ಫಿಲ್ಟರ್ ಬೆಡ್, ಕಲಬುರಗಿ."
ಲ್ಯಾಬಿನಾಗ ನನ್ನ ಇಡೀ ಹೆಸರು
ಹಾಜರಿ ಪುಸ್ತಕಕ್ಕಷ್ಟೇ ಗೊತ್ತು. ಉಳಿದವರಿಗೆ ನಾ "ಏಯ್, ಬೀಕರ್".

ಕೇಳ್ತಾ ಹ್ವಾದ. ಎಡಗೈ ಕಲೆ ಯಾವ ವರ್ಷದ್ದು,
ಹುಡುಗರು ಒಡೆದ ಬ್ಯೂರೆಟ್ಟಿನ ರೊಕ್ಕ ಯಾರ ಪಗಾರದಾಗ ಕಡಿದರು,
ಆ ಕೊಳೆತ ತತ್ತಿ ವಾಸನಿ ಮನಿತನಕ ಬರ್ತಿತ್ತೇನು,
ಬಂದ್ರ ಅವ್ವ ಏನಂತಿದ್ಲು.
ಹೇಳೀನಿ. ಕಡಿಕೆ ಕೇಳಿದ:
"ಆ ಹುಡುಗರು ಡಾಕ್ಟರ್, ಇಂಜಿನಿಯರ್ ಆಗಿ ಹೋಗ್ತಿದ್ದರಲ್ಲ,
ಬಾಗಿಲಾಗ ನಿಂತು ನೋಡಿದಾಗ ನಿನಗ ಹ್ಯಾಂಗ ಅನಸ್ತಿತ್ತು?"

ಇಷ್ಟು ವರ್ಷದಾಗ ಈ ಪ್ರಶ್ನಿ
ಯಾವ ಪೇಪರಿನಾಗೂ ಬಂದಿರಲಿಲ್ಲ.
ಫ್ಯಾನ್ ತಿರುಗ್ತಿತ್ತು. ಮೊಬೈಲಿನಾಗ ಸೆಕೆಂಡು ಓಡ್ತಿದ್ದವು.
ನಾ ಬಾಯಿ ತೆಗೆದಿಲ್ಲ.
ಅಂವ ಅಲುಗಿಲ್ಲ.

ಆಮ್ಯಾಲ ಹೇಳೀನಿ.
ಏನಂತ ಇಲ್ಲಿ ಹೇಳೂದಿಲ್ಲ, ಅವನ ವಹಿಯಾಗ ಅದ.
"ಇದು ನಿಮ್ಮ ಮೇಡಂಗ ತೋರಸ್ತಿಯೇನು?"
"ಬ್ಯಾಡಂದ್ರ ಗೆರಿ ಹೊಡೀತೀನಿ."
"ಇರಲಿ" ಅಂದೀನಿ, "ಕಾಗುಣಿತ ನೋಡಿ ಬರಿ.
ನಮ್ಮಪ್ಪನ ಹೆಸರಿನಾಗ ಭೀ ದೀರ್ಘ ಅದ.
ಹಾಜರಿ ಪುಸ್ತಕದಾಗ
ಮೂವತ್ತೊಂದು ವರ್ಷ ತಪ್ಪೇ ಇತ್ತು."