ಕಾವಲಿನ ಕೊನೆಯ ವಾರ

ಶಿವರಾತ್ರಿ ಕಳೆದ ವಾರ
ಪುರದಾಳಿನ ಆಚೆ ಮೂರು ದಿನ ಕಾಡು ಉರಿಯಿತು.
ಹಸಿ ಲಕ್ಕಿಸೊಪ್ಪಿನಲ್ಲಿ ಬಡಿದೆವು, ಬಡಿದೆವು.
ಗುತ್ಯಪ್ಪನ ಚಪ್ಪಲಿ ಕರಗಿ
ಹಿಮ್ಮಡಿಗೆ ಅಂಟಿತು.
ರೇಂಜ್ ಆಫೀಸಿನ ಪುಸ್ತಕದಲ್ಲಿ ಬರೆದರು:
‘ನೆಲಬೆಂಕಿ. ತರಗೆಲೆ, ಹುಲ್ಲು. ನಷ್ಟವಿಲ್ಲ.’

ಆಮೇಲೆ ಮಾತೇ ಇಲ್ಲದ ಏಪ್ರಿಲ್.
ಬೂದಿಯಲ್ಲಿ ಕಡವೆಯ ಗೊರಸಿನ ಗುರುತು.
ಒಂದು ಆಮೆಚಿಪ್ಪು, ಅಂಗಾತ,
ಅದರ ತುಂಬ ಬೂದಿ,
ಯಾರೋ ಅಳೆದಿಟ್ಟು ಮರೆತ ಸೇರಿನ ಹಾಗೆ.

ಮೊನ್ನೆ ಸಂಜೆ ಗುಡುಗಿತು.
ಮಳೆ ಅನ್ನುವಷ್ಟಲ್ಲ,
ಬೂದಿ ಕಪ್ಪಾಗುವಷ್ಟು.
ಇವತ್ತು ಬೆಂಕಿಗೆರೆ ಗುಡಿಸಲು ಹೋದರೆ
ಸುಟ್ಟ ಮತ್ತಿಮರದ ಬುಡದಲ್ಲಿ
ಎಲೆಯಿಲ್ಲದೆ, ಕಾಂಡವಿಲ್ಲದೆ
ನೇರ ನೆಲದಿಂದಲೇ ಬಾಯಿ ತೆರೆದಿದೆ
ನೆಲಸಂಪಿಗೆ,
ತಿಳಿ ನೇರಳೆ.
ಎರಡು ಹೆಜ್ಜೆ ಆಚೆ ನೆಲತಾಳೆ, ಹಳದಿ, ಆರೆಸಳು.
ಇನ್ನೊಂದು. ಅಗೋ, ಅಲ್ಲೂ.
ಕಾಲಿಡಲು ಜಾಗ ಸಾಲದೆ
ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದೆ.

ಎಲ್ಲಿದ್ದಿರೇ ಇಷ್ಟು ದಿನ?
ನಾವು ಮೇಲೆ ಕಿರುಚಿ, ಕೆಮ್ಮಿ,
ಒಬ್ಬರನ್ನೊಬ್ಬರು ಕೂಗಿ ಓಡುವಾಗ
ನಾಲ್ಕೇ ಬೆರಳು ಕೆಳಗೆ
ಗೆಡ್ಡೆಯಲ್ಲಿ ಮುದುಡಿಕೊಂಡು
ನಮ್ಮ ಸದ್ದು ಕೇಳುತ್ತಿದ್ದಿರೇನು?
ಹೆದರಿದ್ದಿರೇನು,
ನಮಗೆ?

ಗುತ್ಯಪ್ಪ ಹೂ ಕೀಳಲಿಲ್ಲ.
ಬಗ್ಗಿ ಮೂಸಿ ಹೇಳಿದ:
‘ಇದು ಬಂತು ಅಂದ್ರೆ ಮುಗೀತು ಮಾರಾಯ,
ಇನ್ನು ಬೆಂಕಿ ಇಲ್ಲ.
ನಾಳಿದ್ದಿಂದ ಸಂಬಳಾನೂ ಇಲ್ಲ.’
ಹೇಳಿ, ಕುಕ್ಕರಗಾಲಲ್ಲಿ ಕೂತು ಬೀಡಿ ಹುಡುಕಿದ,
ಹಚ್ಚಲಿಲ್ಲ.
ಹಿಮ್ಮಡಿಗೆ ಬಂದಿದ್ದ ಹೊಸ ಚರ್ಮವೂ
ಹೆಚ್ಚುಕಡಿಮೆ ಅದೇ ಬಣ್ಣ.

ಗೆರೆ ಇನ್ನೂ ಅರ್ಧ ಗುಡಿಸುವುದಿತ್ತು.
ಹಾಗೇ ಬಿಟ್ಟೆವು.